‘ಕೈಕೆತ್ತನೆ’ ಅಂತ ಬರೆಯೋ ಮುಂಚೆ ಇದನ್ನ ಓದಿ

1/9

ಒಂದು ಕೆಲಸ ಮಾಡಿ. ಈ ಆ್ಯಪ್‌ನಲ್ಲೇ ‘ಕೈಕೆತ್ತನೆ’ ಅಂತ ಹುಡುಕಿ. ಬರೋ ಫೋಟೋಗಳಲ್ಲಿ ಯಾವುದಾದರೂ ಒಂದು ಗಣಪತಿಯನ್ನ ತೆಗೆದು ಜೂಮ್ ಮಾಡಿ. ಹೊಟ್ಟೆ ಮೇಲೆ, ಸೊಂಡಿಲಿನ ಮೇಲೆ, ಹಿಂದಿನ ಪ್ರಭಾವಳಿ ಮೇಲೆ ನೋಡಿ. ಒಂದೇ ದಿಕ್ಕಿಗೆ, ಒಂದೇ ಅಂತರದಲ್ಲಿ, ಬಾಚಣಿಗೆ ಎಳೆದ ಹಾಗೆ ಸಣ್ಣ ಸಣ್ಣ ಗೆರೆ ಕಾಣ್ತಿದೆಯಾ?

ಅದು ಉಳಿಯ ಗುರುತಲ್ಲ. ಬಾಲ್‌ನೋಸ್ ಬಿಟ್ ಹೋಗಿ ಬಂದ ದಾರಿ. ಉಳಿ ಹಿಡಿದ ಕೈ ಹೊಟ್ಟೆಯ ದುಂಡಗಿನ ಜೊತೆ ತಿರುಗುತ್ತೆ, ಮರದ ಎಳೆ ನೋಡ್ಕೊಂಡು ದಿಕ್ಕು ಬದಲಿಸುತ್ತೆ. ಮಷಿನ್‌ಗೆ ಹೊಟ್ಟೆಯೂ ಒಂದೇ, ಹಿನ್ನೆಲೆಯೂ ಒಂದೇ. ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ, ಗದ್ದೆ ಉತ್ತ ಹಾಗೆ ಹೋಗ್ತಾ ಇರುತ್ತೆ.

ನಿಜವಾಗಲೂ ಕೈಯಲ್ಲೇ ಕೆತ್ತಿದವರೂ ಆ ಹುಡುಕಾಟದಲ್ಲಿ ಇದ್ದಾರೆ. ಅವರ ಪಕ್ಕದಲ್ಲೇ, ಅದೇ ಪದ ಹಾಕಿಕೊಂಡು, ರೌಟರ್‌ನಿಂದ ಇಳಿಸಿದ್ದನ್ನ ಮಾರ್ತಿರೋರೂ ಇದ್ದಾರೆ. ಅದರಲ್ಲಿ ನಮ್ಮವರೂ ಇದ್ದಾರೆ. ನಮ್ಮ ಬ್ಯಾಚ್‌ನವರು, ಜೂನಿಯರ್‌ಗಳು, ‘ಸೈಡ್ ಬಿಸಿನೆಸ್’ ಅಂತ ಪೇಜ್ ಮಾಡಿಕೊಂಡವರು.

ಈ ಸರಣಿ ಅವರಿಗೆ. ಮಷಿನ್ ವಿರುದ್ಧ ಬರೀತಿಲ್ಲ, ನಾನೂ ಅದನ್ನೇ ಓಡಿಸೋದು. ಆ ಒಂದು ಪದದ ವಿರುದ್ಧ ಬರೀತಿದ್ದೀನಿ. ಪೂರ್ತಿ ಓದಿ, ಆಮೇಲೆ ಬೈಯಿರಿ.

2/9

ಮೊದಲು ಮಷಿನ್‌ಗೆ ಸಲ್ಲಬೇಕಾದ ಮರ್ಯಾದೆ ಸಲ್ಲಿಸಿಬಿಡೋಣ.

ಅಮೆರಿಕದಲ್ಲಿ ಜಾನ್ ಪಾರ್ಸನ್ಸ್ ಅನ್ನೋರು ಹೆಲಿಕಾಪ್ಟರ್ ರೆಕ್ಕೆಗಳ ಆಕಾರವನ್ನ ಅಂಕಿಗಳಲ್ಲಿ ಲೆಕ್ಕ ಹಾಕಿ ಮಾಡೋಕೆ ಹೊರಟರು. ಅದೇ ದಾರಿಯಲ್ಲಿ ಎಂಐಟಿಯವರು 1952ರಲ್ಲಿ ಅಂಕಿಗಳಿಂದ ನಡೆಯೋ ಮಿಲ್ಲಿಂಗ್ ಮಷಿನ್ ತೋರಿಸಿದರು. ಹಣ ಕೊಟ್ಟದ್ದು ಅಮೆರಿಕದ ವಾಯುಪಡೆ. ವಿಮಾನದ ಭಾಗಕ್ಕೆ ಅಂತ ಹುಟ್ಟಿದ್ದು ಇವತ್ತು ನಮ್ಮೂರಿನ ಇಂಡಸ್ಟ್ರಿಯಲ್ ಏರಿಯಾದ ಶೆಡ್‌ನಲ್ಲಿ ಗಜಲಕ್ಷ್ಮಿ ಕೆತ್ತುತ್ತಿದೆ. ಇದು ಸಣ್ಣ ವಿಷಯ ಅಲ್ಲ.

ಲೆಕ್ಕ ನೋಡಿ. 300 × 450 ಮಿ.ಮೀ. ಹಲಗೆ ಅಂದ್ಕೊಳ್ಳಿ. ಫಿನಿಷಿಂಗ್‌ಗೆ ಸ್ಟೆಪ್‌ಓವರ್ 0.3 ಮಿ.ಮೀ. ಇಟ್ರೆ ಬಿಟ್ ಆ ಹಲಗೆ ಮೇಲೆ 1000 ಸಲ ಓಡಬೇಕು. ಒಂದೊಂದು ಓಟ 450 ಮಿ.ಮೀ. ಒಟ್ಟು 450 ಮೀಟರ್. ಫೀಡ್ ನಿಮಿಷಕ್ಕೆ 3000 ಮಿ.ಮೀ. ಇದ್ದರೆ 150 ನಿಮಿಷ, ಅಂದ್ರೆ ಎರಡೂವರೆ ಗಂಟೆ. ಗೆರೆ ಕಾಣಬಾರದು ಅಂತ ಸ್ಟೆಪ್‌ಓವರ್ ಅರ್ಧ ಮಾಡಿದ್ರೆ ಐದು ಗಂಟೆ. ಅದಕ್ಕೆ ಮುಂಚೆ ದಪ್ಪ ಬಿಟ್ ಹಾಕಿ ರಫಿಂಗ್ ಬೇರೆ.

ಹಲಗೆ ಸಮ ಮಾಡಬೇಕು, ಗಟ್ಟಿಯಾಗಿ ಕ್ಲಾಂಪ್ ಮಾಡಬೇಕು, ಝೀರೋ ಸರಿಯಾಗಿ ಸೆಟ್ ಮಾಡಬೇಕು. ತೇಗದಲ್ಲಿ ಸಿಲಿಕಾ ಇರುತ್ತೆ, ಬಿಟ್‌ನ ಮೊನೆ ಬೇಗ ಸವೆಯುತ್ತೆ. ಫೀಡ್ ಕಮ್ಮಿ ಮಾಡಿ ಸ್ಪಿಂಡಲ್ ಜೋರು ಇಟ್ರೆ ಮರ ಸುಟ್ಟು ಕಪ್ಪಾಗುತ್ತೆ. ಎಳೆಗೆ ಅಡ್ಡ ಹೋದ್ರೆ ಅಂಚು ಕಿತ್ತು ಬರುತ್ತೆ. ಇದೆಲ್ಲ ಗೊತ್ತಿರೋನು ಕೆಲಸಗಾರ. ಇದರಲ್ಲಿ ನಾಚಿಕೆ ಪಡೋದು ಏನೂ ಇಲ್ಲ.

ನನ್ನ ಪ್ರಶ್ನೆ ಇಲ್ಲೇ ಶುರುವಾಗೋದು. ನಾಚಿಕೆ ಇಲ್ಲ ಅಂದ್ಮೇಲೆ ಮುಚ್ಚಿಡೋದು ಯಾಕೆ?

3/9

ಗೊತ್ತು, ತಕ್ಷಣ ಒಂದು ಮಾತು ಬರುತ್ತೆ. ‘ಮಗಾ, ಉಳಿನೂ ಟೂಲೇ, ರೌಟರೂ ಟೂಲೇ. ಬಟನ್ ಒತ್ತಿದ್ದೂ ಕೈಯೇ ತಾನೇ? ಹಂಗಾದ್ರೆ ಕೈಕೆತ್ತನೆನೇ.’

ಕೇಳೋಕೆ ಚೆನ್ನಾಗಿದೆ. ಇದೇ ಲೆಕ್ಕದಲ್ಲಿ ಮಿಕ್ಸಿ ಆನ್ ಮಾಡಿ ‘ಒರಳಲ್ಲಿ ರುಬ್ಬಿದ ಚಟ್ನಿ’ ಅಂತ ಮಾರಬಹುದು, ಅಲ್ವಾ?

ಚನ್ನಪಟ್ಟಣದ ಬೊಂಬೆ ತಗೊಳ್ಳಿ. ಅಲ್ಲೂ ಮಷಿನ್ ಇದೆ. ಲೇತ್ ಕರೆಂಟಿನಲ್ಲಿ ತಿರುಗುತ್ತೆ. ಆದ್ರೆ ತಿರುಗೋ ಮರಕ್ಕೆ ಉಳಿ ಎಷ್ಟು ಒತ್ತಬೇಕು, ಎಲ್ಲಿ ಬಿಡಬೇಕು ಅನ್ನೋದು ಆ ಕ್ಷಣದಲ್ಲಿ ಕೈ ತೀರ್ಮಾನ ಮಾಡುತ್ತೆ. ಅರಗಿನ ಕಡ್ಡಿ ಒತ್ತಿ ಹಿಡಿದು, ಆ ಬಿಸಿಗೆ ಬಣ್ಣ ಕರಗಿ ಮರಕ್ಕೆ ಹತ್ತೋವಾಗಲೂ ಕೈಯೇ ಹದ ನೋಡೋದು. ಗಮನ ತಪ್ಪಿದ್ರೆ ಬೊಂಬೆ ಹೋಯ್ತು. ಅದಕ್ಕೇ ಕರೆಂಟ್ ಲೇತ್ ಬಂದ್ರೂ ಅದನ್ನ ಕೈಕಸುಬು ಅಂತಾನೇ ಕರೀತೀವಿ.

ಇಂಗ್ಲೆಂಡಿನಲ್ಲಿ ಡೇವಿಡ್ ಪೈ ಅಂತ ಒಬ್ಬರು ಇದ್ದರು. ಮರಗೆಲಸದವರು, ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಪ್ರೊಫೆಸರ್. 1968ರ ತಮ್ಮ ಪುಸ್ತಕದಲ್ಲಿ ‘ಕೈ’, ‘ಮಷಿನ್’ ಅನ್ನೋ ಜಗಳವನ್ನೇ ಪಕ್ಕಕ್ಕಿಟ್ಟು ಬೇರೆ ಗೆರೆ ಎಳೆದರು. ಒಂದು ಕಡೆ ಪ್ರತಿ ಕ್ಷಣ ಕೆಡೋ ಅಪಾಯ ಇರೋ ಕೆಲಸ. ಇನ್ನೊಂದು ಕಡೆ ಶುರು ಮಾಡೋ ಮುಂಚೆಯೇ ಫಲಿತಾಂಶ ನಿರ್ಧಾರ ಆಗಿರೋ ಕೆಲಸ. ಮೊದಲನೇದರಲ್ಲಿ ಕೊನೇ ಏಟಿನವರೆಗೂ ಗುಣ ಕೆಲಸಗಾರನ ಗಮನದ ಮೇಲೆ ನಿಂತಿರುತ್ತೆ.

ಈ ಗೆರೆ ಇಟ್ಟು ನೋಡಿ. ಫೈಲ್ ಲೋಡ್ ಆಯ್ತು, ಜಿ-ಕೋಡ್ ಶುರುವಾಯ್ತು. ಮುಂದಿನ ಎರಡೂವರೆ ಗಂಟೆ ಬಿಟ್ ಎಲ್ಲಿ ಇಳಿಯಬೇಕು, ಎಲ್ಲಿ ಏಳಬೇಕು ಅನ್ನೋದು ಸಾಲು ಸಾಲಾಗಿ ಆಗಲೇ ಬರೆದಿದೆ. ನೀವು ಟೀ ಕುಡಿಯೋಕೆ ಹೋಗಬಹುದು. ಹೋಗ್ತೀರ ಕೂಡ. ಉಳಿ ಹಿಡಿದವರು ಕೆತ್ತನೆ ಮಧ್ಯೆ ಟೀಗೆ ಎದ್ದರೆ ಕೆತ್ತನೆಯೂ ನಿಲ್ಲುತ್ತೆ.

ವ್ಯತ್ಯಾಸ ಇಷ್ಟೇ. ಇದು ನಿಮ್ಮನ್ನ ಕೀಳು ಮಾಡೋ ಮಾತಲ್ಲ. ನಿಮ್ಮ ಅಪಾಯ, ನಿಮ್ಮ ಬುದ್ಧಿ, ನಿಮ್ಮ ಶ್ರಮ ಎಲ್ಲ ಫೈಲ್ ಮಾಡೋ ಹಂತದಲ್ಲಿ ಇದೆ. ಅಲ್ಲಿ ಇದ್ದರೆ ಅದನ್ನ ಧೈರ್ಯವಾಗಿ ಹೇಳಿ. ಇಲ್ಲದೆ ಇದ್ದರೆ? ಅದೇ ಮುಂದಿನ ಪೋಸ್ಟ್.

4/9

ಫೋಟೋ ಕೊಡಿ, ಮರದಲ್ಲಿ ಮುಖ ಕೊಡ್ತೀವಿ. ಈ ಜಾಹೀರಾತು ನೋಡದೇ ಇರೋರು ಯಾರೂ ಇಲ್ಲ. ಆರ್ಡರ್ ಕೊಡೋರಲ್ಲಿ ತುಂಬ ಜನ ತೀರಿಹೋದ ಅಪ್ಪನದೋ, ಅಜ್ಜಿಯದೋ ಫೋಟೋ ತರ್ತಾರೆ. ಇರೋದು ಒಂದೇ ಫೋಟೋ, ಅದೂ ಹಳೇದು.

ನಮ್ಮವರು ಏನು ಮಾಡ್ತಾರೆ? ಫೋಟೋನ ಕಪ್ಪು-ಬಿಳುಪು ಮಾಡ್ತಾರೆ. ಸಾಫ್ಟ್‌ವೇರ್‌ಗೆ ಹಾಕ್ತಾರೆ. ಅದು ಬಿಳಿ ಇರೋದನ್ನ ಎತ್ತರ, ಕಪ್ಪು ಇರೋದನ್ನ ಆಳ ಅಂತ ತಗೊಳ್ಳುತ್ತೆ. ಟೂಲ್‌ಪಾತ್ ರೆಡಿ. ಹತ್ತು ನಿಮಿಷದ ಕೆಲಸ.

ಈಗ ಆ ಅಪ್ಪನ ಮುಖಕ್ಕೆ ಏನಾಯ್ತು ನೋಡಿ. ಮೀಸೆ ಕಪ್ಪು, ಹಾಗಾಗಿ ಮೂಗಿನ ಕೆಳಗೆ ಒಂದು ಕಾಲುವೆ. ಹುಬ್ಬು ಕಪ್ಪು, ಎರಡು ಚರಂಡಿ. ತಲೆಕೂದಲು ಕಪ್ಪು, ತಲೆಯ ಮೇಲ್ಭಾಗವೇ ಕುಸಿದು ಹೋಯ್ತು. ಕಣ್ಣಿನ ಗುಡ್ಡೆ ತೂತು. ಹಲ್ಲು ಬಿಳಿ, ತುಟಿ ದಾಟಿ ಮುಂದೆ ಬಂತು. ಬಿಳಿ ಶರ್ಟು ಮೂಗಿಗಿಂತ ಎತ್ತರ. ಅಜ್ಜಿಯಾದ್ರೆ ಹಣೆಯ ಕುಂಕುಮದ ಜಾಗದಲ್ಲಿ ಒಂದು ಗುಂಡಿ. ಕಿಟಕಿ ಕಡೆಯಿಂದ ಬೆಳಕು ಬಿದ್ದಿದ್ದ ಕೆನ್ನೆ ಉಬ್ಬಿದೆ, ನೆರಳಿದ್ದ ಕೆನ್ನೆ ಕೊರೆದು ಹೋಗಿದೆ.

ಯಾಕೆ ಹೀಗೆ? ಫೋಟೋದಲ್ಲಿ ಇರೋದು ಬೆಳಕಿನ ಲೆಕ್ಕ, ಎತ್ತರದ ಲೆಕ್ಕ ಅಲ್ಲ. ಬೆಳ್ಳಗಿರೋದೆಲ್ಲ ಮುಂದೆ ಇರಲ್ಲ, ಕಪ್ಪಗಿರೋದೆಲ್ಲ ಹಿಂದೆ ಇರಲ್ಲ. ಇಷ್ಟು ಸರಳ ವಿಷಯ. ಮೇಲಿಂದ ವಾಟ್ಸಾಪ್‌ನಲ್ಲಿ ಕಳಿಸಿದ ಜೆಪೆಗ್ ಆದ್ರೆ, ಕುಗ್ಗಿಸುವಾಗ ಬಂದ ಚೌಕ ಚೌಕ ಕಲೆಗಳೂ ಮರದ ಮೇಲೆ ಗಂಟು ಗಂಟಾಗಿ ಇಳಿಯುತ್ತೆ.

ಮನೆಯವರು ಅದನ್ನ ನೋಡಿ ‘ಎಲ್ಲೋ ಸ್ವಲ್ಪ ಹೋಲಿಕೆ ತಪ್ಪಿದೆ’ ಅಂತಾರೆ. ‘ಹ್ಯಾಂಡ್‌ವರ್ಕ್ ಅಲ್ವಾ ಆಂಟಿ, ಸ್ವಲ್ಪ ವ್ಯತ್ಯಾಸ ಬಂದೇ ಬರುತ್ತೆ’ ಅಂತ ನಾವು ಉತ್ತರ ಕೊಡ್ತೀವಿ.

ಈ ಒಂದು ಉತ್ತರದಲ್ಲಿ ಎಷ್ಟು ಅನ್ಯಾಯ ಇದೆ ಯೋಚನೆ ಮಾಡಿ. ಮುಖ ಕೆಡಿಸಿದ್ದು ನಮ್ಮ ಸೋಮಾರಿತನ. ಅಪವಾದ ಹೊರಿಸಿದ್ದು ಕೈಕೆಲಸದ ಮೇಲೆ. ಆ ಮನೆಯವರು ಇನ್ನು ಮುಂದೆ ನಿಜವಾದ ಕೆತ್ತನೆಗಾರರನ್ನ ನೋಡಿದ್ರೂ, ‘ಹ್ಯಾಂಡ್‌ವರ್ಕ್ ಅಂದ್ರೆ ಹಾಗೇ, ಮುಖ ಬರಲ್ಲ’ ಅಂತಾರೆ.

5/9

ಬರೀ ಬೈದು ಹೋಗಲ್ಲ. ಸರಿಯಾದ ದಾರಿ ಏನು ಅಂತಲೂ ಹೇಳ್ತೀನಿ. ಇದನ್ನ ಸೇವ್ ಮಾಡ್ಕೊಳ್ಳಿ.

ಒಂದು: ಫೋಟೋ ಫೋಟೋ ಆಗಿಯೇ ಇರಬೇಕಾ? ಹಾಗಾದ್ರೆ ಆಳ ಮಾಡೋಕೆ ಹೋಗಬೇಡಿ. ಗೆರೆ ಮಾಡಿ. ವಿ-ಬಿಟ್ ಹಾಕಿ, ಕಪ್ಪು ಇರೋ ಕಡೆ ಗೆರೆ ಅಗಲ, ಬಿಳಿ ಇರೋ ಕಡೆ ಸಪೂರ. ಬಣ್ಣ ಬಳಿದ ಹಲಗೆ ಮೇಲೆ ಕೆತ್ತಿದ್ರೆ ಒಳಗಿನ ಮರದ ಬಣ್ಣ ಕಾಣುತ್ತೆ (ಬಣ್ಣ ಕಪ್ಪಾದ್ರೆ ಲೆಕ್ಕ ಉಲ್ಟಾ ಮಾಡಿ). ನಾಲ್ಕು ಹೆಜ್ಜೆ ದೂರ ನಿಂತರೆ ಮುಖ ಎದ್ದು ಬರುತ್ತೆ. ಪೇಪರ್‌ನಲ್ಲಿ ಚುಕ್ಕೆಗಳಿಂದ ಫೋಟೋ ಅಚ್ಚಾಗುತ್ತಲ್ಲ, ಅದೇ ತತ್ವ. ಇಲ್ಲಿ ಬೆಳಕನ್ನ ಬೆಳಕಾಗಿಯೇ ತೋರಿಸ್ತಿದ್ದೀವಿ. ಮೋಸ ಇಲ್ಲ.

ಎರಡು: ಹಿಂದಿನಿಂದ ಲೈಟ್ ಹಾಕೋ ಲಿಥೋಫೇನ್. ಬೆಳಕು ದಾಟೋ ತೆಳು ಹಾಳೆಯಲ್ಲಿ ದಪ್ಪ ಇರೋ ಕಡೆ ಕತ್ತಲು, ತೆಳು ಇರೋ ಕಡೆ ಬೆಳಕು. ಅಲ್ಲಿ ಫೋಟೋದ ಛಾಯೆಯನ್ನ ದಪ್ಪಕ್ಕೆ ಬದಲಿಸೋದು ಸರಿ. ಅದು ಅಕ್ರಿಲಿಕ್‌ನಂಥದರಲ್ಲಿ ಆಗೋ ಕೆಲಸ, ತೇಗದ ಹಲಗೆಯಲ್ಲಿ ಅಲ್ಲ.

ಮೂರು: ಉಬ್ಬುಗೆತ್ತನೆಯೇ ಬೇಕಾ? ಹಾಗಾದ್ರೆ ಎತ್ತರವನ್ನ ನೀವೇ ಬರೀಬೇಕು. ಫೋಟೋನ ಕೆಳಗಿನ ಲೇಯರ್‌ನಲ್ಲಿ ಇಟ್ಟು, ಮೇಲೆ ಹೊಸದಾಗಿ ಬೂದು ಬಣ್ಣದ ನಕ್ಷೆ ಬಿಡಿಸಿ. ಮೂಗಿನ ತುದಿ ಎಲ್ಲಕ್ಕಿಂತ ಬಿಳಿ. ಆಮೇಲೆ ಹಣೆ, ಗಲ್ಲ, ಕೆನ್ನೆ. ಕಿವಿ ಹಿಂದೆ, ಹಾಗಾಗಿ ಗಾಢ ಬೂದು. ಮೀಸೆ ಕಪ್ಪಿದ್ರೂ ತುಟಿಗಿಂತ ಎತ್ತರ. ಕೂದಲನ್ನ ಮೊದಲು ಒಂದು ಗಡ್ಡೆಯಾಗಿ ಎತ್ತಿ, ಆಮೇಲೆ ಎಳೆ ಕೊಡಿ. ಎಂಟು ಬಿಟ್ ಚಿತ್ರದಲ್ಲಿ 256 ಮೆಟ್ಟಿಲು ಮಾತ್ರ. 10 ಮಿ.ಮೀ. ಆಳಕ್ಕೆ ಒಂದು ಮೆಟ್ಟಿಲು ಸುಮಾರು 0.04 ಮಿ.ಮೀ. ನುಣುಪು ಬೇಕಿದ್ರೆ ಹದಿನಾರು ಬಿಟ್‌ನಲ್ಲಿ ಕೆಲಸ ಮಾಡಿ.

ನಾಲ್ಕು: ಎಐ ಆಳ ಊಹಿಸಿ ಕೊಡುತ್ತೆ ಅಂತೀರ. ಕೊಡುತ್ತೆ. ಅದನ್ನ ಮೊದಲ ಕರಡು ಅಂತ ಇಟ್ಕೊಳ್ಳಿ. ಆ ಮನುಷ್ಯನ ಮೂಗು ಪಕ್ಕದಿಂದ ಹೇಗಿತ್ತು ಅಂತ ಅದಕ್ಕೆ ಗೊತ್ತಿಲ್ಲ, ಮನೆಯವರಿಗೆ ಗೊತ್ತು. ಕೇಳಿ. ಪಕ್ಕದಿಂದ ತೆಗೆದ ಒಂದಾದ್ರೂ ಫೋಟೋ ಇದೆಯಾ ಅಂತ ವಿಚಾರಿಸಿ.

ಐದು: ಜೇಡಿಮಣ್ಣು ತಗೊಂಡು ಒಂದು ಮುಖ ಮಾಡಿ ನೋಡಿ. ಚಿಕ್ಕವರಿದ್ದಾಗ ಹಬ್ಬಕ್ಕೆ ಮಣ್ಣಿನ ಗಣಪ ಮಾಡಿದ ಬೆರಳುಗಳೇ ತಾನೇ ಇವು? ಕಣ್ಣಿನ ಗುಳಿ ಎಷ್ಟು ಆಳ ಅನ್ನೋದನ್ನ ಮೌಸ್ ಕಲಿಸಲ್ಲ, ಹೆಬ್ಬೆರಳು ಕಲಿಸುತ್ತೆ.

6/9

ಈಗ ಫೈಲ್ ವಿಷಯ.

ಹೊಸ ಬಡಾವಣೆಯ ಒಂದು ರಸ್ತೆಯಲ್ಲಿ ನಡ್ಕೊಂಡು ಹೋಗಿ. ಮುಂಬಾಗಿಲುಗಳನ್ನ ನೋಡಿ. ಅದೇ ನವಿಲು. ಅದೇ ಬಳ್ಳಿ. ಅದೇ ಗಣಪತಿ, ಅದೇ ಕೋನಕ್ಕೆ ತಿರುಗಿದ ಸೊಂಡಿಲು. ಹುಬ್ಬಳ್ಳಿಯಲ್ಲಿ ನೋಡಿದ್ದೇ ತುಮಕೂರಿನಲ್ಲಿ, ತುಮಕೂರಿನಲ್ಲಿ ನೋಡಿದ್ದೇ ಕೊಯಮತ್ತೂರಿನಲ್ಲಿ. ಯಾಕಂದ್ರೆ ಒಂದು ಪೆನ್‌ಡ್ರೈವ್‌ನಲ್ಲಿ ಸಾವಿರಾರು ಎಸ್‌ಟಿಎಲ್ ಫೈಲ್‌ಗಳು ಕೈಯಿಂದ ಕೈಗೆ ಓಡಾಡ್ತಿವೆ. ಮೊದಲು ಯಾರು ಬಿಡಿಸಿದ್ದು? ಯಾರಿಗೂ ಗೊತ್ತಿಲ್ಲ, ಯಾರೂ ಕೇಳಲ್ಲ. ಅದನ್ನ ಬಿಡಿಸೋಕೆ ಒಬ್ಬ ಡಿಸೈನರ್ ವಾರಗಟ್ಟಲೆ ಕೂತಿರಬಹುದು. ಆಟೋಡೆಸ್ಕ್ ಕಂಪನಿ 2018ರಲ್ಲೇ ಆರ್ಟ್‌ಕ್ಯಾಮ್ ನಿಲ್ಲಿಸಿತು. ಅದರ ಕ್ರ್ಯಾಕ್ ಕಾಪಿ ಇನ್ನೂ ಎಷ್ಟು ಕಂಪ್ಯೂಟರ್‌ನಲ್ಲಿ ಓಡ್ತಿದೆ ಅನ್ನೋದು ನಿಮಗೂ ಗೊತ್ತು.

ನಕ್ಷೆ ಬೇರೆಯವರದ್ದು, ಸಾಫ್ಟ್‌ವೇರ್ ಕದ್ದದ್ದು, ಕೆತ್ತಿದ್ದು ಮಷಿನ್. ಹೆಸರು ಮಾತ್ರ ‘ನಮ್ಮ ಕೈಕೆತ್ತನೆ’!

ಇನ್ನೊಂದು ಮಾತು. ನಮ್ಮ ಶೆಡ್‌ಗಳಲ್ಲಿ ಹೆಚ್ಚಾಗಿ ಇರೋದು ಮೂರು ಆ್ಯಕ್ಸಿಸ್ ರೌಟರ್. ಬಿಟ್ ಮೇಲಿಂದ ಕೆಳಕ್ಕೆ ಮಾತ್ರ ಇಳಿಯುತ್ತೆ. ಪಕ್ಕದಿಂದ ಒಳಗೆ ನುಗ್ಗಲ್ಲ. ಹಾಗಾಗಿ ಆ ಫೈಲ್‌ಗಳಲ್ಲಿ ಹಾರ ಎದೆಗೆ ಅಂಟಿಕೊಂಡೇ ಇರುತ್ತೆ, ಕಿವಿಯ ಹಿಂದೆ ಖಾಲಿ ಇರಲ್ಲ, ಬಳ್ಳಿಯ ಕೆಳಗೆ ಬೆಳಕು ತೂರಲ್ಲ. ಗುಡಿಗಾರರ ಒಂದು ಗಂಧದ ಪೆಟ್ಟಿಗೆ ಸಿಕ್ಕರೆ ಕೈಯಲ್ಲಿ ಹಿಡಿದು ನೋಡಿ. ಎಲೆಯ ಅಂಚಿನ ಕೆಳಗೆ ಉಳಿ ಹೋಗಿ ಬಂದಿರುತ್ತೆ. ಅಲ್ಲಿ ಬೀಳೋ ನೆರಳಿನಿಂದಲೇ ಆ ಎಲೆಗೆ ಜೀವ. ಆ ನೆರಳು ನಮ್ಮ ಫೈಲ್‌ನಲ್ಲಿ ಇಲ್ಲ.

ದಿನವೂ ಇದೇ ಚಪ್ಪಟೆ ದೇವರುಗಳನ್ನ ನೋಡಿ ನೋಡಿ, ಕೆತ್ತನೆ ಅಂದ್ರೆ ಇಷ್ಟೇ ಅಂತ ಕೊಳ್ಳೋರ ಕಣ್ಣಿಗೆ ಅಭ್ಯಾಸ ಆಗಿಬಿಡುತ್ತೆ. ನಮ್ಮ ಕಣ್ಣಿಗೂ.

7/9

‘ಒಂದು ಪದ ತಾನೇ, ಯಾರಿಗೆ ಏನು ನಷ್ಟ?’ ಅಂತ ಕೇಳಿದವರಿಗೆ.

ಸಾಗರ, ಸೊರಬ, ಶಿರಸಿ, ಹೊನ್ನಾವರ, ಕುಮಟಾ ಕಡೆ ಗುಡಿಗಾರರ ಮನೆತನಗಳು ಇವೆ. ಶ್ರೀಗಂಧದಲ್ಲಿ ಕೆತ್ತೋರು. ಗಂಧದ ಮರ ಸಿಗೋದೇ ಕಷ್ಟ ಆದ್ಮೇಲೆ ಶಿವನಿ ಮತ್ತೆ ಬೇರೆ ಮರಗಳಲ್ಲಿ ಕೆತ್ತುತ್ತಾ ಬಂದವರು. ಮೈಸೂರಿನಲ್ಲಿ ಬೀಟೆ ಮರದ ಮೇಲೆ ಇನ್‌ಲೇ ಮಾಡೋರು ಇದ್ದಾರೆ. ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಹಗುರ ಮರದಲ್ಲಿ ದೇವರು, ಬೊಂಬೆ ಮಾಡಿ ಬಣ್ಣ ಹಚ್ಚೋರು ಇದ್ದಾರೆ. ಮೈಸೂರು ಇನ್‌ಲೇ, ಚನ್ನಪಟ್ಟಣದ ಬೊಂಬೆ, ಕಿನ್ನಾಳದ ಬೊಂಬೆ, ಮೂರಕ್ಕೂ ಜಿಐ ಟ್ಯಾಗ್ ಇದೆ. ಹೆಸರು ಕದಿಯೋರಿಂದ ಆ ಹೆಸರನ್ನ ಕಾಪಾಡೋಕೆ ಅಂತಲೇ 1999ರ ಕಾನೂನು ಬಂದಿದ್ದು.

ಆದ್ರೆ ‘ಕೈಕೆತ್ತನೆ’ ಅನ್ನೋ ಪದಕ್ಕೆ ಯಾವ ಜಿಐ ಟ್ಯಾಗೂ ಇಲ್ಲ. ಅದು ಎಲ್ಲರ ಆಸ್ತಿ. ಊರ ಕೆರೆ ಇದ್ದ ಹಾಗೆ. ಒಬ್ಬ ಕಸ ಹಾಕಿದ್ರೆ ಎಲ್ಲರ ಮನೆಯ ನೀರೂ ಕೆಡುತ್ತೆ.

ಹೇಗೆ ಕೆಡುತ್ತೆ ಅಂದ್ರೆ, ಒಬ್ಬರು ಕುಶಲಕರ್ಮಿ ಒಂದು ತಿಂಗಳು ಕೂತು ಒಂದು ಫಲಕ ಕೆತ್ತಿದ್ರು ಅಂದ್ಕೊಳ್ಳಿ. ಆ ತಿಂಗಳ ಮನೆ ಖರ್ಚು ಅದರ ಬೆಲೆಯಲ್ಲಿ ಇರಲೇಬೇಕು. ಪಕ್ಕದಲ್ಲಿ ನೀವು ಅದೇ ಅಳತೆಯ ಫಲಕವನ್ನ ಅರ್ಧ ದಿನದಲ್ಲಿ ಇಳಿಸಿ, ಅದೇ ಪದ ಅಂಟಿಸಿ, ಅವರ ಬೆಲೆಯ ಕಾಲು ಭಾಗಕ್ಕೆ ಕೊಡ್ತೀರ. ಕೊಳ್ಳೋರು ಅವರ ಹತ್ತಿರ ಹೋಗಿ ಏನು ಕೇಳ್ತಾರೆ? ‘ಅಲ್ಲಿ ಕೈಕೆತ್ತನೇನೇ ಇಷ್ಟಕ್ಕೆ ಸಿಗುತ್ತಲ್ಲ ಆಚಾರ್ರೇ, ನೀವ್ಯಾಕೆ ಇಷ್ಟು ಹೇಳ್ತೀರಿ?’

ಅವರು ಕಳ್ಳರ ಥರ ನಿಲ್ಲಬೇಕಾಯ್ತು. ನಿಜ ಹೇಳಿದವರು ಅವರು.

‘ಸಿಎನ್‌ಸಿ ಕೆತ್ತನೆ, ಕಡಿಮೆ ಬೆಲೆ’ ಅಂತ ಹೇಳಿ ಮಾರಿದ್ರೆ ಅದು ಪೈಪೋಟಿ. ಕೊಳ್ಳೋರಿಗೆ ಎರಡು ವಸ್ತು, ಎರಡು ಬೆಲೆ ಕಾಣುತ್ತೆ, ಬೇಕಾದ್ದು ಆರಿಸ್ಕೊಳ್ತಾರೆ. ಸಣ್ಣ ಮನೆ ಕಟ್ಟಿದವರಿಗೂ ಬಾಗಿಲ ಮೇಲೊಂದು ಗಜಲಕ್ಷ್ಮಿ ಸಿಗುತ್ತೆ. ಅದು ಒಳ್ಳೇದೇ. ಅದೇ ಪದ ಕದ್ದು ಮಾರಿದ್ರೆ ಅದು ಪೈಪೋಟಿ ಅಲ್ಲ.

8/9

ಡಿಎಂನಲ್ಲಿ ಬರೋ ಪ್ರಶ್ನೆಗಳಿಗೆ ಇಲ್ಲೇ ಉತ್ತರ.

‘ಕಸ್ಟಮರ್ ಕೇಳಲ್ಲ, ನಾವ್ಯಾಕೆ ಹೇಳಬೇಕು?’
ಅವರು ಕೇಳೋ ಅವಕಾಶವೇ ಇರಬಾರದು ಅಂತ ತಾನೇ ನೀವು ಮೊದಲೇ ‘ಹ್ಯಾಂಡ್‌ಮೇಡ್’ ಅಂತ ಬರೆದಿರೋದು? 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ವಸ್ತುವಿನ ಬಗ್ಗೆ ಸುಳ್ಳು ವಿವರ ಕೊಡೋದು ದಾರಿ ತಪ್ಪಿಸುವ ಜಾಹೀರಾತು ಅಂತ ಸ್ಪಷ್ಟವಾಗಿ ಇದೆ. ದಂಡ 10 ಲಕ್ಷ ರೂಪಾಯಿವರೆಗೂ ಹೋಗಬಹುದು. ಸಣ್ಣ ಪೇಜ್‌ಗೆ ಯಾರು ಬರ್ತಾರೆ ಅಂತೀರ. ಯಾರೂ ಬರದೇ ಇರಬಹುದು. ಸುಳ್ಳು ಸಿಕ್ಕಿಬೀಳಲಿಲ್ಲ ಅಂದ ಮಾತ್ರಕ್ಕೆ ನಿಜ ಆಗಲ್ಲ.

‘ಆಚಾರ್ರುಗಳೇ ಈಗ ಸಿಎನ್‌ಸಿಯಲ್ಲಿ ರಫ್ ಮಾಡಿಸ್ಕೊಂಡು ಬರ್ತಾರೆ.’
ಹೌದು, ಮಾಡಿಸ್ತಾರೆ. ತಪ್ಪೇನೂ ಇಲ್ಲ. ಇದು ಹಳೇ ಪದ್ಧತಿ. 1845ರಲ್ಲಿ ಇಂಗ್ಲೆಂಡಿನ ಥಾಮಸ್ ಜೋರ್ಡಾನ್ ಮರ ಕೆತ್ತೋ ಮಷಿನ್‌ಗೆ ಪೇಟೆಂಟ್ ತಗೊಂಡರು. ಲಂಡನ್ನಿನ ಪಾರ್ಲಿಮೆಂಟ್ ಕಟ್ಟಡದ ಮರಗೆತ್ತನೆಗೆ ಅದನ್ನ ಬಳಸಿದರು. ಮಷಿನ್ ಒರಟಾಗಿ ಆಕಾರ ತೆಗೀತಿತ್ತು, ಕೆತ್ತನೆಗಾರರು ಕೈಯಿಂದ ಮುಗಿಸ್ತಿದ್ದರು. ಹಾಗೆ ಮಾಡಿದ್ರೆ ಹಾಗೇ ಬರೀರಿ. ‘ಮಷಿನ್‌ನಲ್ಲಿ ಒರಟು, ಕೈಯಲ್ಲಿ ಮುಕ್ತಾಯ.’ ನಾಲ್ಕೇ ಪದ. ಆದ್ರೆ ಸ್ಯಾಂಡ್ ಪೇಪರ್ ಉಜ್ಜಿದ್ದನ್ನ ‘ಕೈಯಲ್ಲಿ ಮುಕ್ತಾಯ’ ಅಂತ ಎಣಿಸಬೇಡಿ ಮತ್ತೆ.

‘ನಿಜ ಹೇಳಿದ್ರೆ ರೇಟ್ ಬೀಳುತ್ತೆ.’
ಇದೇ ಎಲ್ಲಕ್ಕಿಂತ ದೊಡ್ಡ ಹೆದರಿಕೆ, ಒಪ್ತೀನಿ. ಲೋನ್ ಇದೆ, ಕಂತು ಕಟ್ಟಬೇಕು, ಮನೆಯಲ್ಲಿ ಎಲ್ಲರೂ ನಿಮ್ಮನ್ನೇ ನೋಡ್ತಿದ್ದಾರೆ. ಆದ್ರೆ ರೇಟ್ ಈಗಲೇ ಬೀಳ್ತಿದೆ, ನಿಜ ಹೇಳದೇ ಇದ್ರೂ. ಯಾಕಂದ್ರೆ ನಿಮ್ಮ ಹತ್ತಿರ ಇರೋ ಫೈಲ್ ಪಕ್ಕದ ಶೆಡ್‌ನವನ ಹತ್ತಿರವೂ ಇದೆ. ನಿಮ್ಮ ಮಷಿನ್ ಅವನೂ ತರ್ತಾನೆ. ನೂರು ರೂಪಾಯಿ ಕಮ್ಮಿ ಹೇಳ್ತಾನೆ. ನಾಳೆ ಇನ್ನೊಬ್ಬ ಅವನಿಗಿಂತ ನೂರು ಕಮ್ಮಿ. ಪೆನ್‌ಡ್ರೈವ್ ನಂಬಿದ ಕೆಲಸದಲ್ಲಿ ತಳ ಅನ್ನೋದೇ ಇಲ್ಲ. ಅವರಿಗೆ ಇಲ್ಲದೇ ಇರೋದು ನಿಮಗೆ ಏನಿರಬಹುದು? ನೀವೇ ಬಿಡಿಸಿದ ನಕ್ಷೆ. ಮುಖ ಮುಖವಾಗಿ ಬರೋ ಹಾಗೆ ಎತ್ತರ ಬರೆಯೋ ಕಣ್ಣು. ಮರ ಯಾವುದು, ಎಳೆ ಎತ್ತ ಅನ್ನೋ ತಿಳಿವಳಿಕೆ. ‘ಇವನು ಹೇಳಿದ್ದು ಹೇಳಿದ ಹಾಗೆ ಇರುತ್ತೆ’ ಅನ್ನೋ ಹೆಸರು. ಇದನ್ನ ಯಾರೂ ಕಾಪಿ ಪೇಸ್ಟ್ ಮಾಡೋಕೆ ಆಗಲ್ಲ.

‘ಎಂಡಿಎಫ್ ಮೇಲೆ ಮಾಡಿದ್ರೂ ಮರನೇ ಅಲ್ವಾ?’
ಅಲ್ಲ. ಅದು ಮರದ ನಾರು ಮತ್ತೆ ಅಂಟು. ಪಾಲಿಶ್ ಹೊಡೆದು ‘ತೇಗ’ ಅಂತ ಬರೆದ್ರೆ ಅದು ಎರಡನೇ ಸುಳ್ಳು. ಮರದ ಧೂಳು, ಆ ಅಂಟಿನಲ್ಲಿ ಇರೋ ಫಾರ್ಮಾಲ್ಡಿಹೈಡ್, ಎರಡನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮೊದಲ ಗುಂಪಿನ ಕ್ಯಾನ್ಸರ್‌ಕಾರಕ ಅಂತ ಪಟ್ಟಿ ಮಾಡಿದೆ. ಧೂಳು ಎಳೆಯೋ ಕಲೆಕ್ಟರ್ ಹಾಕಿ, ಒಳ್ಳೇ ಮಾಸ್ಕ್ ಹಾಕಿ. ರೀಲ್‌ನಲ್ಲಿ ಮುಖ ಕಾಣಲಿ ಅಂತ ಮಾಸ್ಕ್ ತೆಗೀಬೇಡಿ.

9/9

ಕೊನೇದಾಗಿ, ನಿಮ್ಮಿಂದ ನನಗೆ ಬೇಕಾಗಿರೋದು.

ಬೇಲೂರಿಗೆ ಟ್ರಿಪ್ ಹೋಗಿದ್ದೀರಲ್ಲ. 1117ರಲ್ಲಿ ಪ್ರತಿಷ್ಠೆಯಾದ ಗುಡಿ. ಮದನಿಕೆಯರ ಜೊತೆ ಸೆಲ್ಫಿ ತಗೊಂಡು ಬಂದಿದ್ದೀರಿ. ಅಲ್ಲಿ ಶಿಲ್ಪಿಗಳು ಹೆಸರು ಕೊರೆದಿದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಸೋಮನಾಥಪುರದಲ್ಲಿ ಮಲ್ಲಿತಮ್ಮ ಅನ್ನೋ ಹೆಸರು ಮತ್ತೆ ಮತ್ತೆ ಸಿಗುತ್ತೆ. ರಾಜನ ದುಡ್ಡು, ದೇವರ ಗುಡಿ, ಆದ್ರೂ ‘ಇದನ್ನ ಮಾಡಿದ್ದು ಇಂಥವನು’ ಅಂತ ಬರೆಯೋ ರೂಢಿ ನಮ್ಮಲ್ಲಿ ಅಷ್ಟು ಹಳೇದು. ಕೆತ್ತಿದ್ದು ಯಾರು ಅನ್ನೋದು ಆಗಲೂ ಮುಖ್ಯ ಆಗಿತ್ತು.

ನಮ್ಮ ಪೋಸ್ಟ್‌ಗಳಲ್ಲೂ ಅಷ್ಟೇ ಇರಲಿ. ಪ್ರತಿ ಫಲಕದ ಹಿಂದೆ, ಪ್ರತಿ ಕ್ಯಾಪ್ಷನ್ ಕೆಳಗೆ ಐದು ಸಾಲು ಬರೀರಿ:

ಮರ: (ತೇಗ, ಹಲಸು, ಎಂಡಿಎಫ್, ಯಾವುದೋ ಅದು)
ನಕ್ಷೆ: (ನಾನು ಬಿಡಿಸಿದ್ದು, ಇಂಥವರಿಂದ ಕೊಂಡಿದ್ದು)
ಕೆತ್ತನೆ: (ಸಿಎನ್‌ಸಿ ರೌಟರ್, ಕೈ, ಎರಡೂ)
ಮುಕ್ತಾಯ: (ಉಳಿ, ಸ್ಯಾಂಡಿಂಗ್, ಬಣ್ಣ)
ಮಾಡಿದವರು: (ಹೆಸರು)

ನಕ್ಷೆಯ ಸಾಲಿನಲ್ಲಿ ಏನು ಬರೀಬೇಕು ಅಂತ ಗೊತ್ತಾಗದೆ ಕೈ ನಿಂತರೆ, ಅಲ್ಲೇ ನಿಮಗೆ ಉತ್ತರ ಸಿಕ್ತು. ಆ ಸಾಲು ತುಂಬೋಕೆ ಕಲೀಬೇಕು. ಚಿತ್ರ ಬಿಡಿಸೋದು ಕಲೀರಿ, ಮಣ್ಣಿನಲ್ಲಿ ಮುಖ ಮಾಡೋದು ಕಲೀರಿ. ಹತ್ತಿರದಲ್ಲಿ ಉಳಿ ಹಿಡಿದವರು ಇದ್ದರೆ ಹೋಗಿ, ‘ಅಣ್ಣಾ, ಒಂದು ದಿನ ನಿಮ್ಮ ಪಕ್ಕ ಕೂತ್ಕೊಳ್ಳಲಾ?’ ಅಂತ ಕೇಳಿ. ಕಾರ್ಕಳದ ಮಿಯಾರಿನಲ್ಲಿ ಕೆನರಾ ಬ್ಯಾಂಕಿನ ಸಿ.ಇ. ಕಾಮತ್ ಸಂಸ್ಥೆ ಯುವಕರಿಗೆ ಮರ, ಕಲ್ಲಿನ ಕೆತ್ತನೆ ಕಲಿಸುತ್ತೆ. ಮಷಿನ್ ಗೊತ್ತಿರೋನಿಗೆ ಉಳಿಯೂ ಗೊತ್ತಿದ್ದರೆ ಅವನನ್ನ ಹಿಡಿಯೋರು ಯಾರು?

ಇವತ್ತೇ ಮಾಡಬಹುದಾದ ಕೆಲಸ ಇನ್ನೊಂದಿದೆ. ನಿಮ್ಮ ಪೇಜ್‌ನ ಹಳೇ ಪೋಸ್ಟ್‌ಗಳಿಗೆ ಹೋಗಿ. ಎಡಿಟ್ ಒತ್ತಿ. ‘ಕೈಕೆತ್ತನೆ’ ಅಂತ ಇರೋ ಕಡೆ, ಅದು ನಿಜ ಅಲ್ಲದಿದ್ರೆ, ‘ಸಿಎನ್‌ಸಿ ಕೆತ್ತನೆ’ ಅಂತ ಬದಲಾಯಿಸಿ. ಒಂದು ಪೋಸ್ಟ್‌ಗೆ ಹತ್ತು ಸೆಕೆಂಡ್ ಸಾಕು. ಬದಲಾಯಿಸಿದವರು ಕಮೆಂಟ್‌ನಲ್ಲಿ ‘ಮುಗೀತು’ ಅಂತ ಹಾಕಿ, ನಿಮ್ಮ ಕೆಲಸವನ್ನ ನಾನು ಸ್ಟೋರಿಯಲ್ಲಿ ಹಾಕ್ತೀನಿ. ಒಪ್ಪದವರು ಯಾಕೆ ಒಪ್ಪಲ್ಲ ಅಂತ ಬರೀರಿ, ಜಗಳ ಆಡೋಣ. ಆದ್ರೆ ನಿಮ್ಮ ಫಲಕದ ಒಂದು ಕ್ಲೋಸ್‌ಅಪ್ ಫೋಟೋ ಜೊತೆಗೆ ಬನ್ನಿ. ಗೆರೆ ನೋಡ್ಕೊಂಡೇ ಮಾತಾಡೋಣ.

#ಕೆತ್ತಿದ್ದುಯಾರು #ಸಿಎನ್‌ಸಿಕೆತ್ತನೆ #ಮರಗೆತ್ತನೆ #ನಕ್ಷೆಯಾರದ್ದು